ಗುಣವಾಗದ ಕುದುರೆಗೆ ದಯಾಮರಣ: ರೈತರು ಮಾಡಿಕೊಳ್ಳಬೇಕಾದ ಸಿದ್ಧತೆಗಳು



ಎತ್ತು, ಹಸು, ಎಮ್ಮೆಗಳ ಪಾಲನೆಯ ವಿಚಾರ ನಮ್ಮ ಪುಟಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಕುದುರೆಯ ವಿಚಾರ ಬರುವುದು ಅಪರೂಪ. ಆದರೂ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರ ಮನೆ ಸಾಮಾನೆಲ್ಲ ಇಂದಿಗೂ ತಟ್ಟುಗಳ ಬೆನ್ನ ಮೇಲೆಯೇ ಊರಿಂದೂರಿಗೆ ಹೋಗುತ್ತದೆ. ಮೈಸೂರು, ವಿಜಯಪುರಗಳಲ್ಲಿ ಟಾಂಗಾ ಇನ್ನೂ ಓಡುತ್ತಿದೆ. ಸವಾರಿಗೆಂದೋ, ಮದುವೆ ಮೆರವಣಿಗೆಗೆಂದೋ ಒಂದು ಕುದುರೆ ಕಟ್ಟಿಕೊಂಡಿರುವ ಮನೆಗಳೂ ಉಂಟು. ಚೆನ್ನಾಗಿ ನೋಡಿಕೊಂಡ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಅಂದರೆ ಮನೆಯ ಮಗುವಿನ ಜೊತೆಗೇ ಬೆಳೆದು, ಆ ಮಗು ಗೃಹಸ್ಥನಾಗುವ ತನಕ ಜೊತೆಗಿರುವ ಪ್ರಾಣಿ ಅದು.

ಇಂಥ ಪ್ರಾಣಿ ಕಾಲು ಮುರಿದುಕೊಂಡು ಬಿದ್ದಾಗ, ಕರುಳು ತಿರುಚಿ ನೆಲದಲ್ಲಿ ಹೊರಳಾಡುವಾಗ, ಮುಪ್ಪಿನಿಂದ ಏಳಲಾರದೆ ಮಲಗಿದಲ್ಲೇ ಹುಣ್ಣಾದಾಗ ಏನು ಮಾಡಬೇಕು? ಬಹಳ ಮನೆಗಳಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. 'ನಮ್ಮ ಕೈಯಿಂದ ಪಾಪ ಬೇಡ' ಎಂದು ಒಬ್ಬರು, 'ಹೀಗೆ ನರಳಲು ಬಿಡುವುದೂ ಪಾಪವೇ' ಎಂದು ಇನ್ನೊಬ್ಬರು. ಮಾತು ಮುಗಿಯುವಷ್ಟರಲ್ಲಿ ಪ್ರಾಣಿ ಎರಡು ಮೂರು ದಿನ ನರಳಿರುತ್ತದೆ.

ಈ ಲೇಖಕ ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಆದರೆ ದೊಡ್ಡ ಪ್ರಾಣಿಯ ಕೊನೆಯೆಂದರೆ ಔಷಧದ ವಿಷಯವಷ್ಟೇ ಆಗಿರುವುದಿಲ್ಲ. ಗುಂಡಿ ಎಲ್ಲಿ ತೋಡಬೇಕು, ಮಣ್ಣು ಎಂಥದು, ಬಾವಿ ಎಷ್ಟು ದೂರವಿರಬೇಕು, ಅಲ್ಲಿ ಮುಂದೆ ಏನು ಬೆಳೆಯಬಹುದು ಎಂಬುವು ಹೊಲದ ಪ್ರಶ್ನೆಗಳು. ಚಿಕಿತ್ಸೆಯ ತೀರ್ಮಾನ ಯಾವಾಗಲೂ ನಿಮ್ಮ ಪಶುವೈದ್ಯರದೇ. ಆ ತೀರ್ಮಾನಕ್ಕೆ ಮೊದಲು ಮತ್ತು ಅನಂತರ ನೀವು ಮಾಡಿಕೊಳ್ಳಬೇಕಾದ ಸಿದ್ಧತೆಗಳನ್ನು ಇಲ್ಲಿ ತಿಳಿಸಲಾಗಿದೆ.

ದಯಾಮರಣವೆಂದರೆ ಯಾವುದು, ಯಾವುದಲ್ಲ

ಗುಣವಾಗುವ ಆಸೆಯೇ ಇಲ್ಲದ, ನೋವನ್ನು ತಗ್ಗಿಸಲೂ ಸಾಧ್ಯವಿಲ್ಲದ ಪ್ರಾಣಿಗೆ ಪಶುವೈದ್ಯರು ಮೊದಲು ಮಂಪರು ಬರಿಸಿ, ಎಚ್ಚರ ತಪ್ಪಿಸಿ, ನೋವಿಲ್ಲದೆ ಪ್ರಾಣ ಹೋಗುವಂತೆ ಮಾಡುವುದೇ ದಯಾಮರಣ. ಎಚ್ಚರ ಮೊದಲು ಹೋಗಬೇಕು, ಉಸಿರು ಮತ್ತು ಹೃದಯ ಅನಂತರ ನಿಲ್ಲಬೇಕು. ಈ ಕ್ರಮ ತಪ್ಪಿದರೆ ಅದು ದಯೆಯಾಗದು.

ಬೆಳೆಗೆ ಸಿಂಪಡಿಸುವ ಕೀಟನಾಶಕ ಕುಡಿಸುವುದು, ವಿದ್ಯುತ್ ತಂತಿ ತಗುಲಿಸುವುದು, ನೀರಿಗೆ ದೂಡುವುದು, ಹೊಡೆದು ಕೊಲ್ಲುವುದು ಇವೆಲ್ಲ ಕ್ರೌರ್ಯ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೂ ಹೌದು. ಮುದಿ ಕುದುರೆಯನ್ನು ಊರಾಚೆ ಬಿಟ್ಟು ಬರುವುದನ್ನು ಕೆಲವರು ಪಾಪವಲ್ಲದ ದಾರಿಯೆಂದು ತಿಳಿದಿದ್ದಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನೂ ಅದೇ ಕಲಮು ಅಪರಾಧವೆಂದು ಹೇಳುತ್ತದೆ.

ದುಡಿಮೆ ನಿಂತಿತೆಂಬುದೊಂದೇ ದಯಾಮರಣಕ್ಕೆ ಕಾರಣವಾಗಕೂಡದು. ಕುಂಟುವ ಕುದುರೆ ಗಾಡಿ ಎಳೆಯಲಾರದು ನಿಜ. ಆದರೆ ತಿಂದುಕೊಂಡು, ಅಡ್ಡಾಡಿಕೊಂಡು, ತಾನೇ ಮಲಗಿ ತಾನೇ ಏಳುವ ತನಕ ಅದಕ್ಕೆ ಬದುಕಿದೆ.

ಯಾವ ಸ್ಥಿತಿಯಲ್ಲಿ ಈ ಮಾತು ಬರುತ್ತದೆ

1. ಕಾಲಿನ ದೊಡ್ಡ ಮೂಳೆ ಮುರಿದಾಗ. 'ಎತ್ತಿಗೆ ಕಟ್ಟು ಹಾಕಿದರೆ ಕೂಡಿಕೊಳ್ಳುತ್ತದೆ, ಕುದುರೆಗೇಕೆ ಆಗದು?' ಎಂದು ನೀವು ಕೇಳಬಹುದು. ಎತ್ತು ವಾರಗಟ್ಟಲೆ ಮಲಗಿ ಮೆಲುಕು ಹಾಕುತ್ತಾ ಕಾಲಿಗೆ ವಿಶ್ರಾಂತಿ ಕೊಡಬಲ್ಲದು. ಕುದುರೆ ದಿನದ ಬಹುಪಾಲು ನಿಂತೇ ಇರುವ ಪ್ರಾಣಿ. ಮೈಭಾರದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಮೊಣಕಾಲಿನ ಕೆಳಗೆ ಮಾಂಸಖಂಡವಿಲ್ಲದ್ದರಿಂದ ಮುರಿದ ಮೂಳೆ ಸುಲಭವಾಗಿ ಚರ್ಮ ಸೀಳಿ ಹೊರಬಂದು ಕೊಳೆಯುತ್ತದೆ. ಮುರಿದ ಕಾಲಿನ ಭಾರ ಹೊತ್ತ ಇನ್ನೊಂದು ಕಾಲಿನ ಗೊರಸೂ ಉರಿಯೂತದಿಂದ ಕೆಡುತ್ತದೆ. ಮರಿಗಳಲ್ಲಿ, ಸಣ್ಣ ಬಿರುಕುಗಳಲ್ಲಿ ಚಿಕಿತ್ಸೆಗೆ ಅವಕಾಶವುಂಟು. ಆದುದರಿಂದ ಪಶುವೈದ್ಯರು ನೋಡುವ ತನಕ ಯಾವ ತೀರ್ಮಾನವೂ ಬೇಡ.

2. ಔಷಧಕ್ಕೆ ಬಗ್ಗದ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಕರುಳು ತಿರುಚಿಕೊಂಡರೆ ಒಳಗಿನ ಒತ್ತಡಕ್ಕೆ ಹೊರದಾರಿಯೇ ಇರುವುದಿಲ್ಲ. ಸ್ವಸ್ಥ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅದು 80 ದಾಟಿ, ಒಸಡು ಕೆಂಪು ಇಟ್ಟಿಗೆಯಂತೆಯೋ ನೀಲಿಯಾಗಿಯೋ ಬಣ್ಣಗೆಟ್ಟು, ಮೈ ತಣ್ಣಗಾಗಿ ಬೆವರುತ್ತಿದ್ದರೆ ಸ್ಥಿತಿ ಕೈಮೀರುತ್ತಿದೆ ಎಂದು ತಿಳಿಯಬೇಕು. ಶಸ್ತ್ರಚಿಕಿತ್ಸೆಯ ಸೌಕರ್ಯ ಕೆಲವೇ ಕೇಂದ್ರಗಳಲ್ಲಿದೆ. ಅಷ್ಟು ದೂರ ಸಾಗಿಸಲು ಸಾಧ್ಯವೇ ಎಂಬುದನ್ನು ಪಶುವೈದ್ಯರನ್ನೇ ಕೇಳಿ.

3. ಗೊರಸಿನ ಉರಿಯೂತ ಬಲಿತು ಗೊರಸಿನೊಳಗಿನ ಮೂಳೆ ಕೆಳಕ್ಕೆ ಜಾರಿದಾಗ. ಇಂಥ ಕುದುರೆಗೆ ಒಂದೊಂದು ಹೆಜ್ಜೆಯೂ ಕೆಂಡ ತುಳಿದಂತೆ.

4. ಬಲಿತ ಧನುರ್ವಾಯು. ದವಡೆ ಕಚ್ಚಿ, ಮೈ ಸೆಟೆದು, ಬಿದ್ದು ಮೇಲೇಳಲಾರದ ಹಂತ.

5. ಮುಪ್ಪು. ಹಲ್ಲು ಸವೆದು, ನೆನೆಸಿದ ಮೇವನ್ನೂ ಅಗಿಯಲಾರದೆ, ಮೈ ಇಳಿದು, ಮಲಗಿದರೆ ಜನ ಸೇರಿ ಎಬ್ಬಿಸಬೇಕಾದ ಸ್ಥಿತಿ.

ದಿನಚರಿ ಬರೆದಿಡಿ

ಅಪಘಾತದಲ್ಲಿ ತೀರ್ಮಾನ ಗಂಟೆಗಳಲ್ಲಿ ಆಗಬೇಕು. ಮುಪ್ಪಿನಲ್ಲಿ, ದೀರ್ಘ ಕಾಯಿಲೆಯಲ್ಲಿ ಹಾಗಲ್ಲ. ಅಲ್ಲಿ ಕಣ್ಣಳತೆ ಮೋಸ ಮಾಡುತ್ತದೆ. ದಿನಾ ನೋಡುವವರಿಗೆ ಇಳಿಮುಖ ಕಾಣುವುದಿಲ್ಲ. ಬೆಳೆಯ ಲೆಕ್ಕ ಬರೆದಿಡುವಂತೆ ಇದನ್ನೂ ಬರೆದಿಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎದೆಯ ಸುತ್ತಳತೆ 145 ಸೆಂ.ಮೀ., ಮೈಯ ಉದ್ದ, ಅಂದರೆ ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯ ತನಕ, 132 ಸೆಂ.ಮೀ. ಇರುವ ತಟ್ಟು ಎಂದಿಟ್ಟುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಮೈತೂಕ ಕಿಲೋಗ್ರಾಮಿನಲ್ಲಿ ಸಿಗುತ್ತದೆ. ಇಲ್ಲಿ ಅದು ಸುಮಾರು 234 ಕೆ.ಜಿ. ಇಷ್ಟು ತೂಕದ ತಟ್ಟಿಗೆ ದಿನಕ್ಕೆ ಮೈತೂಕದ ನೂರಕ್ಕೆ 2ರಂತೆ ಸುಮಾರು 4.5ರಿಂದ 5 ಕೆ.ಜಿ. ಒಣ ಮೇವು ಬೇಕು; ಸುಮಾರು 12 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹಾಕಿದ್ದರಲ್ಲಿ ಎಷ್ಟು ಉಳಿಯಿತು ಎಂಬುದನ್ನು ತೂಗಿ ಬರೆಯಿರಿ.

ಅದರ ಜೊತೆಗೆ ದಿನವೂ ಐದು ಪ್ರಶ್ನೆಗಳಿಗೆ 'ಹೌದು' ಅಥವಾ 'ಇಲ್ಲ' ಎಂದು ಗುರುತು ಹಾಕಿ:

1. ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ತಿಂದಿತೇ?
2. ತಾನಾಗಿ ನೀರು ಕುಡಿಯಿತೇ?
3. ತಾನಾಗಿ ಎದ್ದು ನಿಂತಿತೇ?
4. ನಾಲ್ಕು ಹೆಜ್ಜೆ ತಾನಾಗಿ ಇಟ್ಟಿತೇ?
5. ಮನೆಯವರನ್ನು ಕಂಡು ಕಿವಿ ನಿಮಿರಿಸಿತೇ, ತಲೆ ಎತ್ತಿತೇ?

ಮೂರು ಅಥವಾ ಅದಕ್ಕಿಂತ ಹೆಚ್ಚು 'ಇಲ್ಲ' ಬಂದ ದಿನವನ್ನು ಕೆಟ್ಟ ದಿನವೆಂದು ಎಣಿಸಿ. ಹತ್ತು ದಿನಗಳಲ್ಲಿ ಕೆಟ್ಟ ದಿನಗಳು ಒಳ್ಳೆಯ ದಿನಗಳನ್ನು ಮೀರಿದರೆ ಪಶುವೈದ್ಯರ ಮುಂದೆ ಆ ಪುಸ್ತಕ ಇಟ್ಟು ಮಾತನಾಡುವ ಕಾಲ ಬಂದಿದೆ ಎಂದರ್ಥ. ಇದು ತೀರ್ಪಲ್ಲ, ತೀರ್ಪಿಗೆ ಬೇಕಾದ ಸಾಕ್ಷ್ಯ. ಮನೆಯಲ್ಲಿ ಇಬ್ಬರಿಗೆ ಎರಡು ಅಭಿಪ್ರಾಯವಿದ್ದಾಗಲೂ ಈ ಪುಸ್ತಕ ಜಗಳ ತಪ್ಪಿಸುತ್ತದೆ.

ಮೊದಲೇ ಆಗಬೇಕಾದ ಮಾತುಕತೆ ಮತ್ತು ಕಾಗದಪತ್ರ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದು. ಮುದಿ ಕುದುರೆಯಿದ್ದರೆ ಕೆಳಗಿನವುಗಳನ್ನು ಈಗಲೇ ತಿಳಿದುಕೊಳ್ಳಿ.

ಪಶುವೈದ್ಯರು: ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಭೇಟಿಯಾಗಿ, ಇಂಥ ಸಂದರ್ಭ ಬಂದರೆ ಬರುವಿರಾ, ಬೇಕಾದ ಔಷಧ ದೊರೆಯುತ್ತದೆಯೇ ಎಂದು ಕೇಳಿ. ಕುದುರೆಗೆ ಬೇಕಾಗುವ ಪ್ರಮಾಣ ದೊಡ್ಡದು. ಅದನ್ನು ಎಲ್ಲ ಆಸ್ಪತ್ರೆಗಳಲ್ಲೂ ದಾಸ್ತಾನು ಇಟ್ಟಿರುವುದಿಲ್ಲ. ಮೇಲೆ ಹೇಳಿದಂತೆ ಅಳೆದ ಮೈತೂಕವನ್ನು ಮುಂಚಿತವಾಗಿ ತಿಳಿಸಿದರೆ ಅವರಿಗೆ ಅನುಕೂಲ. ತುರ್ತು ಸಮಯಕ್ಕೆ 1962 ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಕೇಳಬಹುದು. ಕ್ಲಿಷ್ಟ ಪ್ರಸಂಗಗಳಲ್ಲಿ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನ, ಗದಗದ ಪಶುವೈದ್ಯಕೀಯ ಕಾಲೇಜುಗಳ ಸಲಹೆಯನ್ನೂ ಪಡೆಯಬಹುದು.

ಒಪ್ಪಿಗೆ ಪತ್ರ: ಕುದುರೆಯ ಬಣ್ಣ, ಗುರುತು, ವಯಸ್ಸು ಬರೆದು ಮಾಲೀಕರು ಸಹಿ ಮಾಡಿದ ಒಪ್ಪಿಗೆ ಒಂದು, ಬದುಕಿಸಿಡುವುದು ಕ್ರೌರ್ಯವಾಗುತ್ತದೆಂಬ ಪಶುವೈದ್ಯರ ಲಿಖಿತ ಅಭಿಪ್ರಾಯ ಇನ್ನೊಂದು. ಎರಡೂ ನಿಮ್ಮ ಬಳಿ ಇರಲಿ. ಮಾಲೀಕರು ಪರಸ್ಥಳದಲ್ಲಿದ್ದರೆ ಯಾರು ಒಪ್ಪಿಗೆ ಕೊಡಬೇಕೆಂದು ಬರೆದುಕೊಟ್ಟು ಹೋಗುವುದು ಲೇಸು. ಮಾಲೀಕರು ಸಿಗದಿದ್ದಾಗ ಅಥವಾ ಒಪ್ಪದಿದ್ದಾಗ ಏನಾಗಬೇಕೆಂದು 1960ರ ಕಾಯ್ದೆಯ 13ನೇ ಕಲಮು ಹೇಳುತ್ತದೆ: ಪೇದೆಯ ದರ್ಜೆಗಿಂತ ಮೇಲಿನ ಪೊಲೀಸ್ ಅಧಿಕಾರಿ ಪಶುವೈದ್ಯರನ್ನು ಕರೆಸಬೇಕು, ವೈದ್ಯರು ಪ್ರಮಾಣಪತ್ರ ಕೊಡಬೇಕು, ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ನರಳುವುದು ಕುದುರೆ.

ವಿಮೆ: ವಿಮೆ ಮಾಡಿಸಿದ್ದರೆ ದಯಾಮರಣಕ್ಕೆ ಮುಂಚೆಯೇ ಕಂಪನಿಗೆ ತಿಳಿಸಿ, ಯಾವ ದಾಖಲೆ ಬೇಕೆಂದು ಕೇಳಿ. ಗುರುತಿನ ಚಿಹ್ನೆ ಕಾಣುವಂತೆ ಛಾಯಾಚಿತ್ರ ತೆಗೆದಿಡಿ.

ಒಂದು ಎಚ್ಚರಿಕೆ: ಇಲ್ಲಿ ಹೇಳಿದ್ದು ಕುದುರೆಯ ಮಾತು. ದನ, ಎಮ್ಮೆಗಳಿಗೆ ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬೇರೆಯಾಗಿ ಅನ್ವಯಿಸುತ್ತದೆ. ಅವುಗಳ ವಿಚಾರದಲ್ಲಿ ಪಶುಪಾಲನಾ ಇಲಾಖೆಯವರನ್ನು ಕೇಳದೆ ಹೆಜ್ಜೆಯಿಡಬೇಡಿ.

ಗುಂಡಿ: ಜಾಗ ಮತ್ತು ಮಣ್ಣು

ಕುದುರೆ ಸತ್ತ ಮೇಲೆ ಗುಂಡಿ ತೋಡಲು ಆರಂಭಿಸುವುದು ಸಾಮಾನ್ಯ ರೂಢಿ. ಇದು ಸರಿಯಲ್ಲ. ಲೆಕ್ಕ ನೋಡಿ. ಮೇಲೆ ಹೇಳಿದ ತಟ್ಟಿಗೆ 8 ಅಡಿ ಉದ್ದ, 5 ಅಡಿ ಅಗಲ, 7 ಅಡಿ ಆಳದ ಗುಂಡಿ ಬೇಕು. ಇದು 280 ಘನ ಅಡಿ, ಅಂದರೆ ಸುಮಾರು 8 ಘನ ಮೀಟರ್ ಮಣ್ಣು. ಮೆದು ಮಣ್ಣಿನಲ್ಲಿ ಒಬ್ಬ ಆಳು ದಿನಕ್ಕೆ 2 ಘನ ಮೀಟರ್ ತೋಡಿದರೂ ನಾಲ್ಕು ಆಳಿನ ಕೆಲಸ. ಗರಸು ಸಿಕ್ಕಿದರೆ ಇನ್ನೂ ಹೆಚ್ಚು. ದೊಡ್ಡ ಕುದುರೆಗೆ 9 ಅಡಿ, 6 ಅಡಿ, 8 ಅಡಿಯ ಗುಂಡಿಯೆಂದರೆ 12 ಘನ ಮೀಟರಿಗೂ ಮೇಲಾಯಿತು. ಜೆ.ಸಿ.ಬಿ. ಯಂತ್ರ ಬಂದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಯಂತ್ರ ಬರಲು ದಾರಿ ಇದೆಯೇ, ಮಳೆಗಾಲದಲ್ಲಿ ಹೂತುಹೋಗುತ್ತದೆಯೇ ಎಂಬುದನ್ನು ಮೊದಲೇ ನೋಡಿಟ್ಟಿರಬೇಕು.

ಜಾಗ ಆರಿಸುವಾಗ ಈ ಅಂಶಗಳನ್ನು ಗಮನಿಸಿ:

ಕುಡಿಯುವ ನೀರಿನ ಬಾವಿ, ಕೊಳವೆಬಾವಿ, ಕೆರೆ, ಹಳ್ಳಗಳಿಂದ ಕನಿಷ್ಠ 100 ಮೀಟರ್ ದೂರವಿರಲಿ. ಬಾವಿಗಿಂತ ಎತ್ತರದ ಇಳಿಜಾರಿನಲ್ಲಿ ಬೇಡ.

ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಒಂದು ಮೀಟರಾದರೂ ಮೇಲಿರಬೇಕು. ತೋಡುವಾಗ ಜಿನುಗು ಕಂಡರೆ ಆ ಜಾಗ ಬಿಟ್ಟುಬಿಡಿ. ಬೇಸಿಗೆಯಲ್ಲಿ ಒಣಗಿ ಕಂಡ ಜಾಗವೂ ಮಳೆಗಾಲದಲ್ಲಿ ಜಿನುಗಬಹುದು; ಸುತ್ತಲಿನ ಬಾವಿಗಳಲ್ಲಿ ಮಳೆಗಾಲದ ನೀರು ಎಷ್ಟು ಮೇಲೆ ಬರುತ್ತದೆಂದು ನೋಡಿ.

ಎರೆಭೂಮಿಯಲ್ಲಿ ನೀರು ನಿಧಾನವಾಗಿ ಇಂಗುತ್ತದೆ, ಅದು ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರುಕು ಬಿಡುತ್ತದೆ. ಬಿರುಕಿನಿಂದ ವಾಸನೆ ಹೊರಬಂದು ನಾಯಿಗಳು ಕೆದಕುತ್ತವೆ. ಆದುದರಿಂದ ಮೊದಲ ಬೇಸಿಗೆಯಲ್ಲಿ ಬಿರುಕುಗಳಿಗೆ ಮಣ್ಣು ತುಂಬುತ್ತಿರಬೇಕು.

ಕೆಂಪು ಮರಳುಮಿಶ್ರಿತ ಮಣ್ಣು ತೋಡಲು ಹಗುರ, ಆದರೆ ರಸ ಬೇಗ ಕೆಳಗಿಳಿಯುತ್ತದೆ. ಇಲ್ಲಿ ಬಾವಿಯ ದೂರವನ್ನು ಇನ್ನೂ ಹೆಚ್ಚಿಸಿ.

ಕರಾವಳಿ, ಮಲೆನಾಡುಗಳಲ್ಲಿಯೂ, ಕಾಲುವೆಯ ಅಚ್ಚುಕಟ್ಟಿನ ಗದ್ದೆಗಳಲ್ಲಿಯೂ ನೀರು ಮೇಲೆಯೇ ಇರುತ್ತದೆ. ಇಂಥಲ್ಲಿ ದಿಬ್ಬದ ಜಾಗ ಹುಡುಕಬೇಕು. ಸ್ವಂತ ಜಮೀನಿನಲ್ಲಿ ತಕ್ಕ ಜಾಗವಿಲ್ಲದಿದ್ದರೆ ಗ್ರಾಮ ಪಂಚಾಯಿತಿಯನ್ನೂ, ಪಟ್ಟಣದಲ್ಲಿ ಪುರಸಭೆ ಅಥವಾ ನಗರಪಾಲಿಕೆಯನ್ನೂ ಮುಂಚಿತವಾಗಿ ಕೇಳಿಟ್ಟುಕೊಳ್ಳಿ.

ಐದಡಿಗಿಂತ ಆಳಕ್ಕೆ ಹೋಗುವಾಗ ಗೋಡೆ ನೇರವಾಗಿರದೆ ಮೆಟ್ಟಿಲಾಗಿ ಬರಲಿ. ಸಡಿಲ ಮಣ್ಣು ಕುಸಿದು ಆಳುಗಳ ಪ್ರಾಣಕ್ಕೇ ಬರಬಹುದು. ತೆಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಿ. ತೋಡಿದ ಗುಂಡಿಗೆ ರಾತ್ರಿ ಮಕ್ಕಳಾಗಲಿ ದನವಾಗಲಿ ಬೀಳದಂತೆ ಬೇಲಿ ಇಡಿ.

ಸ್ಥಳ ಮತ್ತು ಹೊತ್ತು

ಕುದುರೆ ನಿಂತಲ್ಲಿಂದ ಒಮ್ಮೆಲೆ ಕುಸಿಯುತ್ತದೆ. ಆದುದರಿಂದ ಸಮತಟ್ಟಾದ, ಕಲ್ಲಿಲ್ಲದ, ಮೆದು ನೆಲ ಬೇಕು. ಲಾಯದೊಳಗೆ ಬೇಡ, ಗೋಡೆಗೆ ತಲೆ ಬಡಿಯುತ್ತದೆ, ಹೊರಗೆ ಎಳೆಯುವುದೂ ಕಷ್ಟ. ಗುಂಡಿಗೆ ಸಮೀಪವಾಗಿರಲಿ, ಆದರೆ ಅಂಚಿನಲ್ಲಿ ಬೇಡ. ಟ್ರ್ಯಾಕ್ಟರ್ ಬರುವಂತಿರಲಿ. ನಡೆಯಲಾರದ ಕುದುರೆಯನ್ನು ಇದಕ್ಕಾಗಿ ಎಳೆದಾಡಬಾರದು, ಇದ್ದಲ್ಲಿಯೇ ಆಗಲಿ.

ಹೊತ್ತು ಬೆಳಗಿನದೇ ಲೇಸು. ಬಿಸಿಲಿರುವುದಿಲ್ಲ, ಕುದುರೆ ಶಾಂತವಾಗಿರುತ್ತದೆ. ಏನಾದರೂ ತೊಡಕು ಬಂದರೆ ಇಡೀ ಹಗಲು ಮುಂದಿರುತ್ತದೆ, ಕತ್ತಲಾಗುವ ಮೊದಲು ಮಣ್ಣು ಮುಚ್ಚುವುದೂ ಆಗುತ್ತದೆ.

ಹಿಂದಿನ ರಾತ್ರಿ ಉಪವಾಸ ಕೆಡವುವ ಅಗತ್ಯವಿಲ್ಲ. ಹೊಟ್ಟೆಯ ಕಾಯಿಲೆಯಿಂದ ಪಶುವೈದ್ಯರು ಬೇಡವೆಂದಿರದಿದ್ದರೆ ಎಂದಿನಂತೆ ನೆನೆಸಿದ ಹುರಳಿ, ಒಂದಿಷ್ಟು ಹಸಿ ಹುಲ್ಲು, ಬೆಲ್ಲದ ಚೂರು ಕೊಡಬಹುದು. ಜೀನು, ಕಡಿವಾಣ ತೆಗೆದುಬಿಡಿ. ಮುಖಕ್ಕೆ ಒಂದು ಮೆದು ಹಗ್ಗದ ಕಟ್ಟು ಸಾಕು.

ಹಗ್ಗ ಹಿಡಿಯುವವರು ಕುದುರೆಗೆ ಪರಿಚಿತರಾಗಿರಬೇಕು, ಕೈ ನಡುಗದವರಾಗಿರಬೇಕು. ಮನೆಯ ಯಜಮಾನನೇ ಹಿಡಿಯಬೇಕೆಂಬ ಕಟ್ಟಳೆಯಿಲ್ಲ. ತಾಳಲಾರೆನೆಂದರೆ ದೂರ ಹೋಗುವುದರಲ್ಲಿ ಅವಮಾನವೂ ಇಲ್ಲ. ಊರವರ ಗುಂಪು ಮಾತ್ರ ಬೇಡವೇ ಬೇಡ.

ಆ ಹೊತ್ತಿನಲ್ಲಿ ಏನು ನಡೆಯುತ್ತದೆ

ಇದನ್ನು ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಪಶುವೈದ್ಯರು ಮೊದಲು ಮಂಪರಿನ ಚುಚ್ಚುಮದ್ದು ಕೊಡುತ್ತಾರೆ. ಕೆಲವು ನಿಮಿಷಗಳಲ್ಲಿ ಕುದುರೆಯ ತಲೆ ಕೆಳಗೆ ಬಾಗುತ್ತದೆ, ತುಟಿ ಜೋಲುತ್ತದೆ. ಆಮೇಲೆ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಅರಿವಳಿಕೆ ಔಷಧ ಕೊಡುತ್ತಾರೆ. ಸಾಮಾನ್ಯವಾಗಿ ಪೆಂಟೊಬಾರ್ಬಿಟಾಲ್ ಎಂಬ ಔಷಧ ಬಳಕೆಯಲ್ಲಿದೆ. ಅದು ದೊರೆಯದಲ್ಲಿ ಬೇರೆ ಅರಿವಳಿಕೆಯಿಂದ ಪೂರ್ತಿ ಎಚ್ಚರ ತಪ್ಪಿಸಿ, ಅನಂತರ ಹೃದಯ ನಿಲ್ಲಿಸುವ ಲವಣದ ದ್ರಾವಣ ಕೊಡುವುದುಂಟು. ಎಚ್ಚರವಿರುವ ಪ್ರಾಣಿಗೆ ಆ ಲವಣವನ್ನು ಮಾತ್ರ ಕೊಡುವುದು ಮಹಾಕ್ರೌರ್ಯ. ಆದುದರಿಂದ ಯಾವ ಔಷಧ, ಯಾವ ಕ್ರಮ ಎಂದು ಕೇಳಿ ತಿಳಿಯುವ ಹಕ್ಕು ನಿಮಗಿದೆ.

ಔಷಧ ಹೋದ ಒಂದು ನಿಮಿಷದೊಳಗೆ ಸಾಮಾನ್ಯವಾಗಿ ಕುದುರೆ ಕುಸಿಯುತ್ತದೆ. ಯಾವ ಕಡೆಗೆ ಬೀಳುವುದೆಂದು ಹೇಳಲಾಗದು. ಹಗ್ಗ ಹಿಡಿದವರು ವೈದ್ಯರು ತೋರಿಸಿದ ಕಡೆಯೇ ನಿಲ್ಲಬೇಕು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಬಿದ್ದ ಮೇಲೆ ಒಂದೆರಡು ದೊಡ್ಡ ಉಸಿರು ಬರಬಹುದು, ಮಾಂಸಖಂಡ ಅದುರಬಹುದು, ಕಾಲು ಒದರಬಹುದು, ಮೂತ್ರ ಹೋಗಬಹುದು, ಕಣ್ಣು ತೆರೆದೇ ಇರಬಹುದು. ಇವು ನೋವಿನ ಗುರುತಲ್ಲ. ಎಚ್ಚರ ಹೋದ ಮೇಲೆ ಮೈ ತಾನಾಗಿ ಮಾಡುವ ಚಲನೆ. ವೈದ್ಯರು ಎದೆಗೆ ಕೊಳವೆಯಿಟ್ಟು ಹಲವು ನಿಮಿಷ ಆಲಿಸಿ, ಕಣ್ಣುಗುಡ್ಡೆ ಮುಟ್ಟಿ ರೆಪ್ಪೆ ಬಡಿಯುವುದಿಲ್ಲವೆಂದು ನೋಡಿ, ಮುಗಿಯಿತೆಂದು ಹೇಳುವ ತನಕ ಹತ್ತಿರ ಹೋಗಬೇಡಿ.

ಮಣ್ಣು ಮುಚ್ಚುವುದು ಏಕೆ ಇಷ್ಟು ಮುಖ್ಯ

ಪೆಂಟೊಬಾರ್ಬಿಟಾಲ್ ಕುದುರೆಯ ಜೊತೆಗೆ ಸಾಯುವುದಿಲ್ಲ. ಮಾಂಸದಲ್ಲಿ, ಈಲಿಯಲ್ಲಿ ಹಾಗೆಯೇ ಉಳಿಯುತ್ತದೆ. ಕೊಳೆತ ಮೇಲೂ ತಿಂಗಳುಗಟ್ಟಲೆ ಶಕ್ತಿ ಕಳೆದುಕೊಳ್ಳುವುದಿಲ್ಲ. ಅಂಥ ಮಾಂಸ ತಿಂದ ನಾಯಿ, ನರಿ, ಹದ್ದುಗಳು ಸಾಯುತ್ತವೆ. ಆದುದರಿಂದ ಹೆಣವನ್ನು ಹೊರಗೆ ಎಸೆಯುವುದು, ನಾಯಿಗಳಿಗೆ ಹಾಕುವುದು, ಚರ್ಮ ಸುಲಿಯಲು ಕೊಡುವುದು, ಕಾಂಪೋಸ್ಟ್ ಗುಂಡಿಗೆ ಹಾಕಿ ಗೊಬ್ಬರ ಮಾಡುವುದು ಯಾವುದೂ ಸಲ್ಲದು.

ರಣಹದ್ದಿನ ಪಾಠ ನಮ್ಮ ಕಣ್ಣ ಮುಂದೆಯೇ ಇದೆ. ಡೈಕ್ಲೊಫಿನ್ಯಾಕ್ ಎಂಬ ನೋವುನಿವಾರಕ ಕೊಟ್ಟ ದನದ ಹೆಣ ತಿಂದು ನಮ್ಮ ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಬಹುಮಟ್ಟಿಗೆ ನಾಶವಾದವು. 2006ರಲ್ಲಿ ಆ ಔಷಧವನ್ನು ಪಶುಗಳಿಗೆ ಬಳಸುವುದು ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೇನ್ ಮತ್ತು ಅಸಿಕ್ಲೊಫಿನ್ಯಾಕ್‌ಗಳೂ ಆ ಪಟ್ಟಿಗೆ ಸೇರಿದವು. ಉಳಿದ ಹದ್ದುಗಳ ರಕ್ಷಣೆಗೆ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಮೆಡಿಕಲ್ ಅಂಗಡಿಯಿಂದ ಮನುಷ್ಯರ ನೋವಿನ ಔಷಧ ತಂದು ಕುದುರೆಗೆ ಚುಚ್ಚಿಸುವ ಅಭ್ಯಾಸವನ್ನು ಬಿಡಬೇಕು.

ಹೂಳುವ ಕ್ರಮ ಹೀಗೆ. ಸತ್ತ ಕೆಲವು ಗಂಟೆಗಳಲ್ಲಿ ಮೈ ಸೆಟೆಯುತ್ತದೆ. ಕಾಲು ಚಾಚಿಕೊಂಡರೆ ಗುಂಡಿ ಸಾಲದಾಗುತ್ತದೆ. ಅದಕ್ಕೆ ಮೊದಲೇ ಕಾಲುಗಳನ್ನು ಮಡಿಸಿ ಕಟ್ಟಿ. ಗಟ್ಟಿ ತಾಡಪತ್ರಿಯ ಮೇಲೆ ಉರುಳಿಸಿ ಎಳೆದರೆ ಹೆಣ ಕೆದರುವುದಿಲ್ಲ. ಕುದುರೆಯನ್ನು ಒಂದು ಮಗ್ಗುಲಾಗಿ ಮಲಗಿಸಿ. ಮೇಲೆ ಕನಿಷ್ಠ 4 ಅಡಿ ಮಣ್ಣು ಬರಬೇಕು. ತೂತಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಕೊಳೆಯುವುದು ನಿಲ್ಲುತ್ತದೆ. ವಾಸನೆ ತಡೆಯಲು ಸ್ವಲ್ಪ ಸುಣ್ಣ ಉದುರಿಸಬಹುದು. ಮೂಟೆಗಟ್ಟಲೆ ಸುರಿದರೆ ಕೊಳೆಯುವುದು ನಿಧಾನವಾಗುತ್ತದೆ. ಮಣ್ಣು ಕುಗ್ಗುವುದರಿಂದ ನೆಲಮಟ್ಟಕ್ಕಿಂತ 2 ಅಡಿ ಎತ್ತರ ದಿಬ್ಬ ಮಾಡಿ. ಮೇಲೆ ಜಾಲಿ ಮುಳ್ಳು ಹರಡಿ ಕಲ್ಲು ಹೇರಿ. ಮಳೆನೀರು ಹರಿದು ಬರದಂತೆ ಮೇಲುಗಡೆ ಒಂದು ಸಣ್ಣ ಕಾಲುವೆ ತೆಗೆಯಿರಿ.

ಆ ಜಾಗದಲ್ಲಿ ಗೆಡ್ಡೆ ಗೆಣಸು, ಸೊಪ್ಪು ತರಕಾರಿ, ಮೇವಿನ ಬೆಳೆ ಬೇಡ, ಉಳುಮೆಯೂ ಬೇಡ. ಒಂದೆರಡು ಮಳೆಗಾಲ ಕಳೆದು ನೆಲ ಕೂತ ಮೇಲೆ ಬದಿಯಲ್ಲಿ ಹೊಂಗೆ ಅಥವಾ ಬೇವಿನ ಸಸಿ ನೆಡಬಹುದು. ಜಾಗದ ಗುರುತು ಮನೆಯವರಿಗೆಲ್ಲ ಗೊತ್ತಿರಲಿ. ಮುಂದೆ ಅಲ್ಲೇ ಬಾವಿ ತೋಡುವ ಪ್ರಸಂಗ ಬರಬಾರದು.

ರೋಗದ ಸಂಶಯವಿದ್ದಾಗ

ಮೂಗಿನಿಂದ ಗಟ್ಟಿ ಸಿಂಬಳ ಸುರಿದು, ಕಾಲಿನುದ್ದಕ್ಕೂ ಗಂಟುಗಳೆದ್ದು ಒಡೆದು ಹುಣ್ಣಾಗುತ್ತಿದ್ದರೆ ಅದು ಗ್ಲ್ಯಾಂಡರ್ಸ್ ಆಗಿರಬಹುದು. ಇದು ಮನುಷ್ಯರಿಗೂ ಅಂಟುವ ಮಾರಕ ರೋಗ. ಕುದುರೆಯನ್ನು ಬೇರೆ ಕಟ್ಟಿ ತಕ್ಷಣ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ರಕ್ತದ ಮಾದರಿಯನ್ನು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸುತ್ತಾರೆ. ರೋಗ ಖಚಿತವಾದರೆ 2009ರ ಸಾಂಕ್ರಾಮಿಕ ಪಶುರೋಗ ನಿಯಂತ್ರಣ ಕಾಯ್ದೆಯಂತೆ ದಯಾಮರಣ ಕೊಡಿಸಲಾಗುತ್ತದೆ. ಇದು ಮಾಲೀಕರ ಇಷ್ಟಕ್ಕೆ ಬಿಟ್ಟದ್ದಲ್ಲ. ಮುಚ್ಚಿಟ್ಟು ಬೇರೆ ಊರಿಗೆ ಸಾಗಿಸಿದರೆ ಅಲ್ಲಿನ ಕುದುರೆಗಳಿಗೂ ಜನರಿಗೂ ಆಪತ್ತು.

ನುಂಗಲಾರದೆ ಜೊಲ್ಲು ಸುರಿಸುತ್ತಾ, ತನ್ನ ಮೈಯನ್ನೇ ಕಚ್ಚಿಕೊಳ್ಳುವ ಕುದುರೆಗೆ ಹುಚ್ಚುನಾಯಿ ರೋಗವಿರಬಹುದು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಬೇಡಿ. ಕೈ ಹಾಕಿದವರು, ಜೊಲ್ಲು ತಗುಲಿದವರು ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ಚಿಹ್ನೆಯಿಲ್ಲದೆ ಥಟ್ಟನೆ ಸತ್ತು ಮೂಗು, ಗುದದಿಂದ ಕಪ್ಪು ರಕ್ತ ಬಂದ ಪ್ರಾಣಿಯನ್ನು ಯಾರೂ ಕೊಯ್ಯಬಾರದು, ಸರಿಸಲೂಬಾರದು, ಅಂತ್ರಾಕ್ಸ್ ಇರಬಹುದು. ವೈದ್ಯರು ಬರುವ ತನಕ ಕಾಯಿರಿ.

ಮನೆಯವರು ಮತ್ತು ಜೊತೆಯ ಕುದುರೆ

ಮಕ್ಕಳಿಗೆ 'ಮಾರಿಬಿಟ್ಟೆವು' ಎಂದು ಸುಳ್ಳು ಹೇಳಬೇಡಿ. ಗುಣವಾಗದ ನೋವಿತ್ತು, ವೈದ್ಯರು ನೋವಿಲ್ಲದಂತೆ ಕಳಿಸಿಕೊಟ್ಟರು ಎಂದು ನಿಜ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಹಿಂದಿನ ಸಂಜೆ ಮೈ ತಿಕ್ಕಿ, ಬೆಲ್ಲ ತಿನ್ನಿಸಲು ಅವಕಾಶ ಕೊಡಿ. ಪೂಜೆ, ಹೂವು, ಅರಿಸಿನ ಕುಂಕುಮ ನಿಮ್ಮ ಮನೆಯ ಪದ್ಧತಿಯಂತೆ ಆಗಲಿ. ಕುದುರೆಗೆ ಬೆದರಿಕೆಯಾಗುವ ಗಂಟೆ ಜಾಗಟೆ ಮಾತ್ರ ಬೇಡ.

ಜೊತೆಗೆ ಬೆಳೆದ ಇನ್ನೊಂದು ಕುದುರೆಯಿದ್ದರೆ, ರೋಗದ ಸಂಶಯವಿಲ್ಲದಾಗ, ಅದಕ್ಕೆ ಹೆಣವನ್ನು ಮೂಸಿ ನೋಡಲು ಸ್ವಲ್ಪ ಹೊತ್ತು ಬಿಡುವುದು ಒಳ್ಳೆಯದು. ಕಾಣದಂತೆ ಮಾಯವಾದ ಜೊತೆಗಾರನಿಗಾಗಿ ಕೆಲವು ಕುದುರೆಗಳು ದಿನಗಟ್ಟಲೆ ಕೂಗಿ ಮೇವು ಬಿಡುವುದುಂಟು.

ಪಾಪದ ಮಾತಿಗೆ ಬರೋಣ. ಇಪ್ಪತ್ತು ವರ್ಷ ನಮ್ಮ ಹೊರೆ ಹೊತ್ತ ಪ್ರಾಣಿ ಬಾಯಾರಿ, ಹುಣ್ಣಾಗಿ, ನೊಣ ಮುತ್ತಿ ಸಾಯುವುದನ್ನು ನೋಡುತ್ತಾ ಕೂರುವುದೇ ಪುಣ್ಯವೆಂದು ಯಾವ ವಿವೇಕಿಯೂ ಹೇಳಲಾರ. ಬೇಗ ಕೈಬಿಡುವುದೂ ತಪ್ಪು, ಕಾಲ ಮೀರಿ ಹಿಡಿದಿಡುವುದೂ ತಪ್ಪು. ಇವೆರಡರ ನಡುವಿನ ಸರಿಯಾದ ದಿನವನ್ನು ಗುರುತಿಸಲು ದಿನಚರಿ ಪುಸ್ತಕ ಮತ್ತು ಪಶುವೈದ್ಯರು ನಿಮಗೆ ನೆರವಾಗುತ್ತಾರೆ.

ನೆನಪಿಡಬೇಕಾದ ಅಂಶಗಳು

1. ಮುದಿ ಅಥವಾ ದೀರ್ಘ ಕಾಯಿಲೆಯ ಕುದುರೆಯ ದಿನಚರಿ ಬರೆಯಿರಿ.
2. ಮೈಯಳತೆ ತೆಗೆದು ತೂಕ ಗುರುತು ಮಾಡಿ ಪಶುವೈದ್ಯರಿಗೆ ತಿಳಿಸಿ.
3. ಒಪ್ಪಿಗೆ ಪತ್ರ, ವೈದ್ಯರ ಅಭಿಪ್ರಾಯ, ವಿಮೆಯ ಕಾಗದ ಒಂದೇ ಕಡೆ ಇಡಿ.
4. ಹೂಳುವ ಜಾಗವನ್ನು ಮಳೆಗಾಲದ ನೀರಿನ ಮಟ್ಟ ನೋಡಿ ಆರಿಸಿ. ಗುಂಡಿ ಮೊದಲು, ಚುಚ್ಚುಮದ್ದು ಅನಂತರ.
5. ಬೆಳಗಿನ ಹೊತ್ತು, ಮೆದು ನೆಲ, ಕಡಿಮೆ ಜನ.
6. ಎಚ್ಚರ ತಪ್ಪಿಸಿದ ಮೇಲೆಯೇ ಮುಂದಿನ ಔಷಧ.
7. ಮೇಲೆ 4 ಅಡಿ ಮಣ್ಣು, 2 ಅಡಿ ದಿಬ್ಬ, ಮುಳ್ಳು ಮತ್ತು ಕಲ್ಲು. ಹೆಣ ಯಾವ ಪ್ರಾಣಿಯ ಬಾಯಿಗೂ ಸಿಗಬಾರದು.

ನಿಮ್ಮ ಲಾಯದಲ್ಲಿ ಇಪ್ಪತ್ತು ದಾಟಿದ ಕುದುರೆಯಿದ್ದರೆ, ಈ ವಾರವೇ ಪಶು ಆಸ್ಪತ್ರೆಯ ಕಡೆ ಒಮ್ಮೆ ಹೋಗಿ ಬನ್ನಿ.